ರಟ್ಟಿನ ಹಗೇವು

ನಮ್ಮ ಮನೆಯ ಮೇಜಿನ ಮೇಲಿರುವ ಹಗೇವಿನ ಒಂದು ಗೋಡೆಯನ್ನು ಇಲಿ ಕಡಿದಿದೆ. ನಾನು ಅದಕ್ಕೆ ತೇಪೆ ಹಾಕಿ ಬಣ್ಣ ಬಳಿದಿದ್ದೇನೆ, ನೋಡಿದವರಿಗೆ ಗೊತ್ತಾಗುವುದಿಲ್ಲ. ಆ ತೇಪೆಯ ಕಥೆ ಹೇಳಬೇಕಾದರೆ ಕಳ್ಳನ ಕಥೆ ಹೇಳಬೇಕು. ಕಳ್ಳನ ಕಥೆ ಹೇಳುವಾಗ ನಾನು ಅವನನ್ನು ಬೈದದ್ದೂ ಬರುತ್ತದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಚಿಕ್ಕಪೇಟೆಯಲ್ಲಿ ಯಾವ ಸೀರೆ ಅಂಗಡಿಯವರನ್ನು ಬೇಕಾದರೂ ಕೇಳಿ, ಹೇಳುತ್ತಾರೆ.

ಸೀರೆ ಅಂಗಡಿಯವರಿಗೆ ನಾನು ಗೊತ್ತಿರುವುದು ಏಕೆಂದರೆ ನಮ್ಮದು ಸೀರೆ ಡಬ್ಬ ಮಾಡುವ ಮನೆ. ಚಾಮರಾಜಪೇಟೆಯಲ್ಲಿ ಕೆಳಗೆ ಕಾರ್ಖಾನೆ, ಮೇಲೆ ವಾಸ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಒಂದು ಕಟಿಂಗ್ ಮಿಷನ್ನು, ಉದ್ದನೆಯ ಮೇಜುಗಳು, ಗೋಡೆಗೆ ಒರಗಿಸಿಟ್ಟ ರಟ್ಟಿನ ಹಾಳೆಗಳು, ಮೂಲೆಯಲ್ಲಿ ಅಂಟಿನ ಬಕೆಟ್ಟು. ಅಪ್ಪ ನಡೆಸುತ್ತಿದ್ದರು, ಅವರಾದ ಮೇಲೆ ನಾನು ನಡೆಸುತ್ತಿದ್ದೇನೆ. ಮೇಲೆ ಅಮ್ಮ ಮತ್ತು ನಾನು, ಇಬ್ಬರೇ. ಭಾನುವಾರ ಮಧ್ಯಾಹ್ನ ಮಾತ್ರ ಐದು ಜನ ಆಗುತ್ತೇವೆ.

ಭಾನುವಾರ ಬರುವ ಮೂವರೂ ಬಸವನಗುಡಿಯಲ್ಲಿ ನನ್ನ ಜೊತೆ ಓದಿದವರು. ಕಾಲೇಜಿನಲ್ಲಿ ನಮಗೊಂದು ಆಟದ ಹುಚ್ಚು ಹತ್ತಿತು, ಅದು ಇನ್ನೂ ಬಿಟ್ಟಿಲ್ಲ. ಆಟ ಸರಳ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಯಾವುದೋ ಹಾಳು ಕೋಟೆಯ ಅಡಿಯಲ್ಲಿ ಕೋಣೆಗಳು, ಸುರಂಗಗಳು, ಒಳಗೆ ನಿಧಿ, ನಿಧಿಯ ಪಕ್ಕದಲ್ಲಿ ಅಪಾಯ. ಪಾತ್ರಗಳು ಅದರೊಳಗೆ ಇಳಿಯುತ್ತವೆ. ಏಟು ಬಿತ್ತೋ ತಪ್ಪಿತೋ ಎಂದು ದಾಳ ಹೇಳುತ್ತದೆ. ಸತ್ತರೆ ಸತ್ತಂತೆ, ಬೇರೆ ಪಾತ್ರ ಮಾಡಿಕೊಂಡು ಬರಬೇಕು. ಇದನ್ನು ಮಕ್ಕಳಾಟ ಅನ್ನುವವರು ಅನ್ನಲಿ. ಇಡೀ ಭಾನುವಾರ ಮೊಬೈಲಿನಲ್ಲಿ ಬೆರಳು ಜಾರಿಸುತ್ತಾ ಕೂರುವವರ ಬಾಯಿಂದ ಆ ಮಾತು ಕೇಳಲು ನಾನು ತಯಾರಿಲ್ಲ.

ಕಥೆ ನಡೆಸುವವಳು ನಾನು. ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳತಿ ಮಂತ್ರವಾದಿನಿ. ಕಾಲೇಜಿನಲ್ಲಿ ಪಾಠ ಹೇಳುವ ಗೆಳೆಯ ಕತ್ತಿ ಹಿಡಿಯುವ ಯೋಧ. ಅವನು ಮೇಷ್ಟ್ರಾದಾಗಿನಿಂದ ಕೀಟಲೆಗೆಂದೇ ನಾವು ಅವನಿಗೆ ಬಹುವಚನ ಕೊಡುತ್ತೇವೆ. ಮೂರನೆಯವನೇ ಕಳ್ಳ. ಮಲ್ಲೇಶ್ವರಂನಲ್ಲಿ ಇನ್ಶೂರೆನ್ಸ್ ಏಜೆಂಟು. ಆಟದಲ್ಲಿ ಮೊದಲ ದಿನದಿಂದಲೂ ಅವನದು ಕಳ್ಳನ ಪಾತ್ರ. ಎಲ್ಲರಿಗಿಂತ ಮುಂದೆ ಹೋಗಿ ಬಾಗಿಲಿಗೆ ಕಿವಿಗೊಟ್ಟು, ಬೀಗ ತೆಗೆದು, ದಾರಿ ಇದೆಯೋ ಇಲ್ಲವೋ ಹೇಳುವವನು. ಮೇಜಿನ ಮೇಲೆ ಅವನ ಗುರುತು ಕೆಂಪು ದಾರ ಸುತ್ತಿದ ಒಂದು ಹಳೆಯ ಚದುರಂಗದ ಕಾಲಾಳು. ನಮ್ಮ ಅಮ್ಮ ಅವನ ಹೆಸರು ಮರೆತು ಎಷ್ಟೋ ವರ್ಷವಾಯಿತು. ಮೆಟ್ಟಿಲ ಮೇಲೆ ಸದ್ದಾದರೆ ಸಾಕು, "ನಮ್ಮ ಕಳ್ಳ ಬಂದ್ನೇನೇ?" ಎಂದು ಕೇಳುತ್ತಾಳೆ. ಪಕ್ಕದ ಮನೆಯವರು ಮೊದಲ ಸಲ ಕೇಳಿ ಗಾಬರಿಯಾಗಿದ್ದರು.

ಹಗೇವು ಎಂಬ ಮಾತೂ ಅಮ್ಮನದೇ. ನಾವು ಆಡುವುದೇನು ಎಂದು ಅವಳು ಬಹಳ ಹಿಂದೆ ಕೇಳಿದಾಗ ನೆಲದಡಿಯ ಕೋಣೆ, ಕತ್ತಲೆ, ನಿಧಿ ಎಂದೆಲ್ಲ ನಾನು ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಾ, "ಹಗೇವು ಅನ್ನು ಮತ್ತೆ" ಅಂದಳು. ಅವಳ ತವರು ತುಮಕೂರು ಕಡೆಯ ಹಳ್ಳಿ. ಅಲ್ಲಿ ರಾಗಿ ತುಂಬಿಡುವುದಕ್ಕೆ ನೆಲದಲ್ಲಿ ತೋಡಿದ ಗುಂಡಿಗೆ ಹಗೇವು ಅನ್ನುತ್ತಾರೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು, ಮೇಲೊಂದು ಕಲ್ಲುಚಪ್ಪಡಿ. ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಚಪ್ಪಡಿ ತೆಗೆದ ಕೂಡಲೇ ಯಾರೂ ಇಳಿಯಬಾರದು. ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿಯಬಾರದು. ಅವರ ಊರಿನಲ್ಲಿ ದೀಪ ಬಿಡದೆ ಇಳಿದವನೊಬ್ಬ ಇದ್ದನಂತೆ. ಅಲ್ಲಿಗೆ ಬಂದಾಗ ಅಮ್ಮ ಮಾತು ನಿಲ್ಲಿಸಿ ಮತ್ತೆ ಅಕ್ಕಿಗೆ ಕೈ ಹಾಕುತ್ತಾಳೆ.

ಅಂದಿನಿಂದ ನಮ್ಮ ಆಟದ ಸುರಂಗಗಳಿಗೆಲ್ಲ ಹಗೇವು ಎಂದೇ ಹೆಸರು. ನಮ್ಮವರು ಒಳಗೆ ಇಳಿಯುವ ಸದ್ದು ಕೇಳಿದರೆ ಅಮ್ಮ ಅಡುಗೆಮನೆಯಿಂದಲೇ "ದೀಪ ಬಿಟ್ರಾ?" ಅನ್ನುತ್ತಾಳೆ. ಇಷ್ಟು ವರ್ಷದಲ್ಲಿ ಒಬ್ಬರೂ ಬಿಟ್ಟವರಲ್ಲ. "ಹೂಂ ಅಮ್ಮ" ಅಂದು ಇಳಿದುಬಿಡುತ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಕಾಲೇಜಿನ ಕ್ಯಾಂಟೀನಿನಲ್ಲಿ ಆಡುವಾಗ ಒಮ್ಮೆ ನಾನು ಬರೆದ ನಕ್ಷೆಯ ಮೇಲೆ ಚಹ ಚೆಲ್ಲಿತು. ನಾನು ರೇಗಿ ಹಾಳೆ ಹರಿಯಲು ಹೋದೆ. ಕಳ್ಳ ನನ್ನ ಕೈ ಹಿಡಿದು, "ಹರೀಬೇಡ್ವೇ. ಚೆಲ್ಲಿದ್ದು ಕೆರೆ ಅನ್ಕೊ" ಅಂದ. ಅವತ್ತು ಹಗೇವಿನ ನಡುವೆ ಕೆರೆ ಹುಟ್ಟಿತು, ಕೆರೆಯಲ್ಲಿ ಮೊಸಳೆ ಹುಟ್ಟಿತು. ಅಲ್ಲಿಂದ ಅದು ನಮ್ಮಲ್ಲಿ ಕಾನೂನಾಯಿತು. ಬೇಕೆಂದು ಬರಲಿ, ಕೈತಪ್ಪಿ ಬರಲಿ, ಮೇಜಿನ ಮೇಲೆ ಬಂದದ್ದು ಕಥೆಯಲ್ಲಿ ಇದೆ. ಯಾರಾದರೂ ತಕರಾರು ತೆಗೆದರೆ "ಚೆಲ್ಲಿದ್ದು ಕೆರೆ" ಅಂದರೆ ಮುಗಿಯಿತು.

ಕಳ್ಳನ ಕಣ್ಣು ಹೋಗುತ್ತಿತ್ತು. ಕಣ್ಣಿನ ಹಿಂದಿನ ಪರದೆಯ ಕಾಯಿಲೆ, ಔಷಧಿ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಮೊದಮೊದಲು ಬಳೆಯೊಳಗಿಂದ ನೋಡಿದಷ್ಟು ಕಾಣುತ್ತದೆ ಅನ್ನುತ್ತಿದ್ದ. ಆಮೇಲೆ ಬಳೆಯೂ ಮಸುಕಾಯಿತು. ಇವೆಲ್ಲ ನಮಗೆ ಗೊತ್ತಿತ್ತು. ಅವನ ದಾಳವನ್ನು ನಾವು ಓದಿ ಹೇಳುತ್ತಿದ್ದೆವು, ನಕ್ಷೆಯನ್ನು ಬಾಯಲ್ಲಿ ವಿವರಿಸುತ್ತಿದ್ದೆವು. ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಅಂದುಕೊಂಡಿದ್ದೆವು. ಹೋದ ಮಳೆಗಾಲದಲ್ಲಿ ಅವನು ಬರುವುದು ನಿಲ್ಲಿಸಿದ. ಒಂದು ವಾರ ಬೆನ್ನುನೋವು, ಇನ್ನೊಂದು ವಾರ ನೆಂಟರು, ಮತ್ತೊಂದು ವಾರ ಮತ್ತೆ ಬೆನ್ನುನೋವು.

ನಾನು ಮೆಟ್ರೋ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿದು ಸೀದಾ ಅವನ ಮನೆಗೆ ಹೋದೆ. ಅವನ ಹೆಂಡತಿ ಕಾಫಿ ಕೊಟ್ಟು, "ನೀವೇ ಮಾತಾಡಿ" ಎಂದು ಒಳಗೆ ಹೋದರು.

"ಯಾವ ಬೆನ್ನೋ ನಿಂದು? ಎದ್ದು ನಿಂತ್ಕೊ, ನೋಡೋಣ," ಅಂದೆ.

"ನಿನ್ನ ನಕ್ಷೆ ಕಾಣ್ಸಲ್ಲ ಕಣೇ," ಅಂದ.

"ಅದಕ್ಕೇ ತಾನೆ ನಾವು ಬಾಯಲ್ಲಿ ಹೇಳೋದು?"

"ಹೇಳ್ತೀರಿ. ಮೂರು ಜನಾನೂ ಪಾಪ ಅಂತ ಹೇಳ್ತೀರಿ." ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ಇಡುವ ಮೊದಲು ಎಡಗೈಯಿಂದ ಅಂಚು ಹುಡುಕಿಕೊಂಡ. "ನನ್ನ ದಾಳ ಯಾಕೆ ಯಾವಾಗ್ಲೂ ಚೆನ್ನಾಗೇ ಬೀಳತ್ತೆ? ನಂಗೊಂದು ಏಟು ಬಿದ್ದು ಎಷ್ಟು ದಿನ ಆಯ್ತು, ಹೇಳು. ಮೇಷ್ಟ್ರು ಸತ್ರು, ಅವಳು ಸತ್ಲು, ನಾನೊಬ್ನೇ ಚಿರಂಜೀವಿ. ನಂಗೆ ಸಾಯಕ್ಕೆ ಬಿಡಲ್ಲ ಅಂದ್ರೆ ನಾನು ಆಡ್ತಿಲ್ಲ ಅಂತ ಅರ್ಥ. ಸುಮ್ನೆ ಕೂತಿರ್ತೀನಿ ಅಷ್ಟೆ. ಅದಕ್ಕೆ ಚಾಮರಾಜಪೇಟೆ ತನಕ ಯಾಕೆ ಬರ್ಬೇಕು? ನಮ್ಮನೆಲೇ ಕೂತಿರ್ತೀನಿ."

ಅವನು ಹೇಳಿದ್ದು ನಿಜ. ಯಾರೂ ಯಾರಿಗೂ ಹೇಳದೆ ನಾವು ಮೂವರೂ ಅವನನ್ನು ಬದುಕಿಸಿಕೊಂಡು ಬರುತ್ತಿದ್ದೆವು. ಆದರೆ ಬೈಯಲು ಬಂದವಳು ಬೈಯದೆ ಹೋಗುವುದು ಹೇಗೆ? "ಇನ್ನೊಂದೇ ಒಂದು ಸಲ ಬಾ. ಈ ಸಲ ನಿನ್ನ ದಾರಿ ನೀನೇ ನೋಡ್ಕೋತೀಯ, ನಿನ್ನ ದಾಳ ನೀನೇ ಓದ್ತೀಯ. ಆಗ್ಲೂ ಆಗಲ್ಲ ಅಂದ್ರೆ ನಿನ್ನ ಕಳ್ಳನ ತಿಥಿ ಊಟ ನಾನೇ ಹಾಕಿಸ್ತೀನಿ," ಅಂದೆ.

"ವಡೆ ಇರತ್ತಾ?" ಅಂದ. ನಗುತ್ತಿರಲಿಲ್ಲ. ಬರುತ್ತೇನೆ ಎಂದೂ ಹೇಳಲಿಲ್ಲ.

ಮೆಟ್ರೋದಲ್ಲಿ ವಾಪಸು ಬರುವಾಗ ನನಗೆ ಹೊಳೆದದ್ದು ಇಷ್ಟು. ಗೆರೆ ಕಾಣುವುದಿಲ್ಲವಾದರೆ ಗೋಡೆ ಬೇಕು, ಕೈಗೆ ಸಿಗುವ ಗೋಡೆ. ಇಂಥ ಸುರಂಗಗಳು ರೆಡಿಮೇಡ್ ಸಿಗುತ್ತವೆ. ವಿದೇಶದಿಂದ ಬರುವ ಅಚ್ಚಿನ ಕಲ್ಲುಗೋಡೆಗಳು, ಕಂಬಗಳು, ಮೆಟ್ಟಿಲುಗಳು. ಅವುಗಳ ಬೆಲೆ ನೋಡಿದೆ. ಎರಡು ಕೋಣೆಯ ದುಡ್ಡಿಗೆ ಒಂದು ಒಳ್ಳೆಯ ರೇಷ್ಮೆ ಸೀರೆ ಬರುತ್ತಿತ್ತು, ಡಬ್ಬ ಸಮೇತ. ಡಬ್ಬ ಅಂದಾಗ ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಮನೆಯಲ್ಲಿ ಆಳೆತ್ತರ ರಟ್ಟು ಇಟ್ಟುಕೊಂಡು ಊರೆಲ್ಲ ಗೋಡೆ ಹುಡುಕುತ್ತಿದ್ದೆ.

ಮಾರನೆಯ ದಿನದಿಂದ ಕಟಿಂಗ್ ಮಿಷನ್ ಕೆಳಗೆ ಬೀಳುವ ರಟ್ಟಿನ ಚೂರುಗಳನ್ನು ಆರಿಸಿಡಲು ಶುರುಮಾಡಿದೆ. ಎರಡು ಪದರ ಅಂಟಿಸಿದರೆ ಗೋಡೆ. ಪದರದ ಮೇಲೆ ಪದರ ಒಂದೊಂದು ಬೆರಳಷ್ಟು ಹಿಂದಕ್ಕೆ ಸರಿಸಿ ಅಂಟಿಸಿದರೆ ಮೆಟ್ಟಿಲು. ನೂಲು ಸುತ್ತುವ ರಟ್ಟಿನ ಕೊಳವೆ ಕತ್ತರಿಸಿದರೆ ಕಂಬ. ಬಿಳಿ ಅಂಟು ಬಳಿದು ಮೇಲೆ ರಂಗೋಲಿ ಪುಡಿ ಉದುರಿಸಿದರೆ ಒಣಗಿದ ಮೇಲೆ ಕಲ್ಲಿನಂತೆ ತರಿತರಿಯಾಗುತ್ತದೆ. ಇದು ನನಗೆ ಗೊತ್ತಾದಾಗ ಆದ ಖುಷಿ ಅಷ್ಟಿಷ್ಟಲ್ಲ. ಕಡು ಬೂದು ಬಳಿದು, ಆರಿದ ಮೇಲೆ ಒಣ ಬ್ರಷ್ಷಿನಲ್ಲಿ ತಿಳಿ ಬೂದು ಸವರಿದೆ. ಮೂಲೆಗಳಲ್ಲಿ ಪಾಚಿಯ ಹಸಿರು. ಬಾಗಿಲುಗಳನ್ನು ಒಂದೊಂದಾಗಿ ಬರೆದೆ. ಮರದ ಗೆರೆ, ಕಬ್ಬಿಣದ ಪಟ್ಟಿ, ಬೀಗದ ಕಣ್ಣು. ಮೇಷ್ಟ್ರು ನೋಡಿ ಬಾಯಿ ತೆರೆದು ನಿಂತರು. ಫೋಟೋ ಹಿಡಿದುಕೊಂಡು ಹೋದರು.

ಆ ವಾರದ ಒಂದು ಮಧ್ಯಾಹ್ನ ಮಾರ್ಕೆಟ್ಟಿಗೆ ಏನೋ ಕೆಲಸಕ್ಕೆ ಬಂದ ಕಳ್ಳನನ್ನು ಹಿಡಿದು ಮೇಲೆ ಕರೆತಂದೆ. ಅವನು ಮೇಜಿನ ಮುಂದೆ ಕೂತು ಎರಡೂ ಕೈಗಳನ್ನು ಗೋಡೆಗಳ ಮೇಲೆ ಇಟ್ಟ. ಮೊದಲ ಕೋಣೆಯ ಸುತ್ತ ಬೆರಳು ಹೋಯಿತು. ಮತ್ತೊಂದು ಸಲ ಸುತ್ತು ಬಂತು.

"ಬಾಗ್ಲೆಲ್ಲೇ?" ಅಂದ.

"ನಿನ್ನ ಬೆರಳ ಕೆಳಗೇ ಇದೆಯಲ್ಲೋ."

"ಗೋಡೆ ಇದೆ."

ಅಷ್ಟು ಹೊತ್ತು ಕೂತು, ಬೀಗದ ಕಣ್ಣಿನ ತನಕ ನಾನು ಬಾಗಿಲು ಬರೆದಿದ್ದೆ, ಕೊರೆದಿರಲಿಲ್ಲ. ಕಣ್ಣು ಕಾಣದವನಿಗೆ ಚಿತ್ರ ಬರೆದುಕೊಟ್ಟ ಜಾಣೆ ನಾನು. ನನಗೆ ಎಷ್ಟು ಸಿಟ್ಟು ಬಂತು ಅಂದರೆ ಆ ಕೋಣೆಯನ್ನು ಎತ್ತಿ ನೆಲಕ್ಕೆ ಬಡಿದೆ. ಕಳ್ಳ ಸದ್ದು ಕೇಳಿ ಗಹಗಹಿಸಿ ನಕ್ಕ. ಬಹಳ ದಿನಗಳ ಮೇಲೆ ಆ ನಗು ಕೇಳಿದ್ದೆ, ಸಿಟ್ಟೆಲ್ಲ ಇಳಿದುಹೋಯಿತು.

ಎರಡನೇ ಹಗೇವನ್ನು ಕಣ್ಣುಮುಚ್ಚಿಕೊಂಡು ಮಾಡಿದೆ. ಕತ್ತರಿಸುವಾಗ ಅಲ್ಲ ಬಿಡಿ, ಅಷ್ಟು ಧೈರ್ಯ ನನಗಿಲ್ಲ. ಪ್ರತಿಯೊಂದು ಭಾಗ ಮುಗಿದ ಮೇಲೆ ಕಣ್ಣುಮುಚ್ಚಿ ಬೆರಳಾಡಿಸಿ ನೋಡುತ್ತಿದ್ದೆ. ಬಾಗಿಲುಗಳನ್ನು ಕೊರೆದು ಐಸ್‌ಕ್ರೀಮ್ ಕಡ್ಡಿಯ ಚೂರು ಜೋಡಿಸಿದೆ. ನೀರಿರುವ ಕಡೆ ದುಬಾರಿ ಸೀರೆ ಡಬ್ಬಗಳ ಒಳಗೆ ಹಾಕುವ ಸ್ಯಾಟಿನ್ ಬಟ್ಟೆ ಅಂಟಿಸಿದೆ, ಬೆರಳಿಟ್ಟರೆ ಜಾರುತ್ತದೆ. ಕೆಸರಿಗೆ ತೆಂಗಿನ ನಾರು. ದಾಳದ ಬದಲು ಅಮ್ಮನ ಚೌಕಾಬಾರದ ಡಬ್ಬಿಯಿಂದ ನಾಲ್ಕು ಕವಡೆ ತೆಗೆದುಕೊಂಡೆ. ಕವಡೆ ಅಂಗಾತ ಬಿತ್ತೋ ಬೋರಲು ಬಿತ್ತೋ ಬೆರಳಿಗೆ ಗೊತ್ತಾಗುತ್ತದೆ. ಅಂಗಾತ ಬಿದ್ದಷ್ಟೂ ಒಳ್ಳೆಯದು ಎಂದು ಲೆಕ್ಕ ಮಾಡಿಕೊಂಡೆವು. ಇನ್ನು ಉಳಿದದ್ದು ನೆಲದ ಚೌಕಗಳು. ಆಟದಲ್ಲಿ ಯಾರು ಎಷ್ಟು ಚೌಕ ನಡೆದರು ಎಂಬುದು ಮುಖ್ಯ. ಗೆರೆ ಕೊರೆದು ನೋಡಿದೆ, ರಂಗೋಲಿ ಪುಡಿಯ ತರಿಯಲ್ಲಿ ಗೆರೆ ಕೈಗೆ ಹತ್ತಲಿಲ್ಲ.

"ಎಳೆ ಯಾಕೆ ಎಳೀತೀಯ? ಚುಕ್ಕಿ ಇಡು," ಅಂದಳು ಅಮ್ಮ.

"ನಿನ್ನ ಹಾಗೆ ಸಾಲಾಗಿ ಇಡಕ್ಕೆ ನಂಗೆ ಬರಲ್ಲ."

"ಬಂದಿದ್ರೆ ನಾನ್ಯಾಕೆ ದಿನಾ ಬೆಳಗ್ಗೆ ಬಗ್ತಿದ್ದೆ? ಕೊಡು ಇಲ್ಲಿ."

ಗೋರಂಟಿಯ ಕೋನಿನ ಹಾಗೆ ಪ್ಲಾಸ್ಟಿಕ್ ಸುತ್ತಿ ಅದರೊಳಗೆ ರಂಗೋಲಿ ಪುಡಿ ಕಲಸಿದ ಗಟ್ಟಿ ಅಂಟು ತುಂಬಿಕೊಟ್ಟೆ. ಅಮ್ಮ ಕನ್ನಡಕ ಏರಿಸಿಕೊಂಡು ಪ್ರತಿ ಚೌಕದ ಮೂಲೆಗೂ ಒಂದೊಂದು ಚುಕ್ಕಿ ಇಟ್ಟಳು. ಎಳ್ಳಿನಷ್ಟು ಗಾತ್ರ, ಒಂದೂ ಸಾಲು ತಪ್ಪಲಿಲ್ಲ. ನಡುವೆ ಒಮ್ಮೆ ಕೈ ನಿಲ್ಲಿಸಿ, "ಬಾಗ್ಲ ಮುಂದೆ ಇಡೋದನ್ನ ಸ್ಕೂಟರಿನೋರು ಅಳಿಸ್ಕೊಂಡು ಹೋಗ್ತಾರೆ. ಇದಾದ್ರೂ ಉಳೀಲಿ" ಅಂದಳು. ನಾನು ಅವಳ ಕೆನ್ನೆ ಹಿಂಡಿದೆ. ಅವಳು ಕೈ ಅಲುಗುತ್ತದೆ ಎಂದು ಗದರಿದಳು.

ಎಡವಟ್ಟಾದದ್ದೂ ಅಮ್ಮನಿಂದಲೇ. ಕಾರ್ಖಾನೆಯಲ್ಲಿ ರಟ್ಟಿಗೆ ಬಳಸುವುದು ಮೈದಾ ಬೇಯಿಸಿದ ಅಂಟು. ಮೈದಾ ಅಂದರೆ ಇಲಿ, ಜಿರಳೆಗಳಿಗೆ ಔತಣ. ಅದಕ್ಕೇ ಅಂಟಿಗೆ ಒಂದಿಷ್ಟು ಮೈಲುತುತ್ತ ಬೆರೆಸುತ್ತೇವೆ. ಅದು ವಿಷ, ಯಾವ ಪ್ರಾಣಿಯೂ ಬಾಯಿ ಹಾಕುವುದಿಲ್ಲ. ನಾನು ಕೆಳಗಿನ ಬಕೆಟ್ಟಿನಿಂದ ಅಂಟು ತರುವುದನ್ನು ಕಂಡು ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ಆ ಹುಡುಗ ಅದನ್ನೆಲ್ಲ ಮುಟ್ಟಿ ಮುಟ್ಟಿ ಆಡ್ತಾನೆ. ಅದೇ ಕೈಲಿ ಕೋಡುಬಳೆ ತಿಂತಾನೆ. ಮೈಲುತುತ್ತ ಹಾಕಿದ್ದು ಮೇಲೆ ಬರಕೂಡದು." ಆ ಹುಡುಗನಿಗೆ ತಲೆ ಅರ್ಧ ನರೆತಿದೆ. ಆದರೂ ಮಾತು ಸರಿಯಾಗಿತ್ತು, ಅಡುಗೆಮನೆಯಲ್ಲೇ ಬರಿಯ ಮೈದಾ ಬೇಯಿಸಿ ಗೋಡೆಗಳನ್ನು ಅಂಟಿಸಿದೆ.

ತರಗುಪೇಟೆ ನಮಗೆ ಕೂಗಳತೆ ದೂರ. ಕಾಳು ಬೇಳೆಯ ಮಂಡಿಗಳಲ್ಲಿ ತಿಂದು ಕೊಬ್ಬಿದ ಇಲಿಗಳಿಗೆ ನಮ್ಮ ಬೀದಿಯೇ ವಾಕಿಂಗ್ ಜಾಗ. ಶನಿವಾರ ಬೆಳಿಗ್ಗೆ ನೋಡಿದರೆ ಕೊನೆಯ ಓಣಿಯ ಗೋಡೆಯಲ್ಲಿ ಹೆಬ್ಬೆರಳು ಹೋಗುವಷ್ಟು ತೂತು, ಸುತ್ತ ರಟ್ಟಿನ ಪುಡಿ. ಕಳ್ಳ ಆ ಹೊತ್ತಿಗೆ ಒಪ್ಪಿದ್ದ. "ಈ ಭಾನುವಾರ ಬರ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಆಮೇಲೆ ಕರೀಬೇಡ, ದಯವಿಟ್ಟು," ಎಂದು ಹೇಳಿದ್ದ. ಆ ದಯವಿಟ್ಟು ನನ್ನ ಕಿವಿಯಲ್ಲೇ ಇತ್ತು. ಹೊಸ ಗೋಡೆ ಮಾಡಲು ಹೊತ್ತಿರಲಿಲ್ಲ. ತೂತಿನ ಸುತ್ತ ಚೌಕವಾಗಿ ಕತ್ತರಿಸಿ ತೆಗೆದು, ಅಳತೆಗೆ ಸರಿಯಾದ ಬೇರೆ ತುಂಡು ಕೂರಿಸಿ, ಮೇಲೆ ಪುಡಿ, ಮೇಲೆ ಬಣ್ಣ ಬಳಿದೆ. ಇಲಿಯ ವಂಶಾವಳಿಯನ್ನೆಲ್ಲ ಬೈದದ್ದಾಯಿತು. ಬೆರಳಾಡಿಸಿ ನೋಡುವುದು ಮಾತ್ರ ಆ ಒಂದು ಗೋಡೆಗೆ ಮರೆತುಹೋಯಿತು.

ಭಾನುವಾರ ಕಳ್ಳ ಬಂದ. ಮೆಟ್ಟಿಲಲ್ಲಿ ಮೇಷ್ಟ್ರು ಕೈಹಿಡಿಯಲು ಹೋದರೆ, "ಮೆಟ್ಲು ಎಲ್ಲಿದೆ ಅಂತ ನಂಗೆ ನಿಮಗಿಂತ ಚೆನ್ನಾಗಿ ಗೊತ್ತು ಮೇಷ್ಟ್ರೇ" ಅಂದ. ಅಮ್ಮ ಅವನ ತಲೆ ಸವರಿ ಕೋಡುಬಳೆ ಕರಿಯಲು ಹೋದಳು. ನಾವು ನಾಲ್ವರೂ ಮೇಜಿನ ಸುತ್ತ ಕೂತೆವು.

ಮೊದಲ ಕೋಣೆಯಲ್ಲಿ ಅವನ ಎಡಗೈ ಗೋಡೆಯ ಮೇಲೆ, ಬಲಗೈ ಅಮ್ಮನ ಚುಕ್ಕಿಗಳ ಮೇಲೆ. ಕೆಂಪು ದಾರದ ಕಾಲಾಳನ್ನು ಒಂದೊಂದೇ ಚೌಕ ಮುಂದಿಟ್ಟ. ಮೆಟ್ಟಿಲು ಇಳಿದ. ಸ್ಯಾಟಿನ್ ಬಟ್ಟೆಗೆ ಬೆರಳು ತಗುಲಿದಾಗ, "ನೀರು. ಯಾರೂ ಮುಂದೆ ಬರ್ಬೇಡಿ" ಅಂದ. ನಾನು ಹೇಳುವ ಮೊದಲೇ ಅಂದ. ಬ್ಯಾಂಕಿನವಳು ನನ್ನ ಕಡೆ ನೋಡಿ ಕಣ್ಣರಳಿಸಿದಳು. ನಮ್ಮ ಕಳ್ಳ ಮತ್ತೆ ಎಲ್ಲರಿಗಿಂತ ಮುಂದೆ ಇದ್ದ. ನನಗೆ ಎದ್ದು ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಕಥೆ ನಡೆಸುವವಳು ಹಾಗೆಲ್ಲ ಮಾಡುವ ಹಾಗಿಲ್ಲ ಎಂದು ಸುಮ್ಮನೆ ಕೂತೆ.

ಕೊನೆಯ ಓಣಿಯಲ್ಲಿ ಅವನ ಬೆರಳು ನಿಂತಿತು.

"ತಡೀರಿ. ಇಲ್ಲೊಂದು ಬಾಗ್ಲಿದೆ."

ಮೇಷ್ಟ್ರು ಬಗ್ಗಿ ನೋಡಿದರು. "ಗೋಡೆ ಕಣೋ ಅದು."

"ನಿಮಗೆ ಗೋಡೆ. ನಾಲ್ಕೂ ಕಡೆ ಸಂದು ಇದೆ. ಗುಪ್ತದ್ವಾರ." ಅವನು ಉಗುರನ್ನು ಸಂದಿನ ಉದ್ದಕ್ಕೂ ಓಡಿಸಿದ. ಆಮೇಲೆ ನಾನಿದ್ದ ಕಡೆ ಮುಖ ತಿರುಗಿಸಿದ. "ಏನೇ, ಇದೆಯೋ ಇಲ್ವೋ? ಪಾಪ ಅಂತ ಹೂಂ ಅನ್ಬೇಡ."

ಅಲ್ಲಿ ಬಾಗಿಲೂ ಇರಲಿಲ್ಲ, ಬಾಗಿಲ ಹಿಂದೆ ಏನೂ ಇರಲಿಲ್ಲ. ಇಲ್ಲ ಅಂದರೆ ಅವನ ಬೆರಳು ಸುಳ್ಳಾಗುತ್ತದೆ. ಹೌದು ಅಂದರೆ ನನ್ನ ದನಿಯಲ್ಲೇ ಅವನಿಗೆ ಗೊತ್ತಾಗುತ್ತದೆ. ನನ್ನ ದನಿ ಅವನಿಗೆ ನನಗಿಂತ ಚೆನ್ನಾಗಿ ಗೊತ್ತು. ನಿಜವನ್ನೇ ಹೇಳಿಬಿಟ್ಟೆ.

"ನಾನು ಇಟ್ಟಿದ್ದಲ್ಲ. ಇಲಿ ಕಡಿದಿತ್ತು, ನಿನ್ನೆ ತೇಪೆ ಹಾಕ್ದೆ. ಆದ್ರೆ ಅದು ಮೇಜಿನ ಮೇಲಿದೆ."

ಅವನ ತುಟಿ ಅರಳಿತು. "ಚೆಲ್ಲಿದ್ದು ಕೆರೆ," ಅಂದ.

"ಚೆಲ್ಲಿದ್ದು ಕೆರೆ," ಅಂದೆ.

"ಹಾಗಾದ್ರೆ ತೆಗೆದೆ. ಒಳಗೇನಿದೆ?"

ಒಳಗೇನಿದೆ ಎಂದು ನನಗೂ ಗೊತ್ತಿರಲಿಲ್ಲ. ಅಡುಗೆಮನೆಯಿಂದ ಎಣ್ಣೆಯ ಸದ್ದು ಬರುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ. "ಸಣ್ಣ ಕೋಣೆ. ನೆಲದಲ್ಲೊಂದು ಕಲ್ಲುಚಪ್ಪಡಿ. ಸರಿಸಿದ್ರೆ ಕೆಳಗೆ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಹಳೇ ರಾಗಿ ವಾಸನೆ ಬರ್ತಿದೆ. ತಳದಲ್ಲಿ ಏನೋ ಮಿನುಗ್ತಿದೆ."

"ನಿಧಿ," ಅಂದ ಕಳ್ಳ. ಅವನ ಮುಖ ಕಾಲೇಜಿನ ಹುಡುಗನ ಮುಖವಾಗಿತ್ತು.

ಒಳಗಿಂದ ಅಮ್ಮ ಎಂದಿನಂತೆ ಕೇಳಿದಳು. "ದೀಪ ಬಿಟ್ರಾ?"

"ಆಮೇಲೆ ಅಮ್ಮ,"  ಅಂದ ಕಳ್ಳ. "ಇಳಿದೆ."

ಇದು ಅಮ್ಮನ ಊರಿನ ಹಗೇವು ಎಂದು ಮೇಷ್ಟ್ರಿಗೆ ಅರ್ಥವಾಯಿತು. ಬ್ಯಾಂಕಿನವಳಿಗೂ ಅರ್ಥವಾಯಿತು. ಇಬ್ಬರೂ ನನ್ನನ್ನೇ ನೋಡಿದರು. ಮೇಷ್ಟ್ರು ಬೇಡ ಎಂದು ತಲೆ ಆಡಿಸಿದರು, ಸದ್ದಿಲ್ಲದೆ. ಕಾಣದವನ ಎದುರಿಗೆ ಹೀಗೆ ಕಣ್ಣುಸನ್ನೆ ಮಾಡಿಯೇ ನಾವು ಅವನನ್ನು ಇಷ್ಟು ದಿನ ಉಳಿಸಿಕೊಂಡು ಬಂದದ್ದು. ನಾನು ಮೇಷ್ಟ್ರ ಕಡೆ ನೋಡುವುದನ್ನು ಬಿಟ್ಟೆ.

"ಕೆಟ್ಟ ಗಾಳಿ. ಉಸಿರು ಕಟ್ತಿದೆ ನಿಂಗೆ," ಅಂದೆ. "ಕವಡೆ ಹಾಕು. ಒಂದಾದ್ರೂ ಅಂಗಾತ ಬಿದ್ರೆ ಹಗ್ಗ ಸಿಗತ್ತೆ. ಎಲ್ಲಾ ಬೋರಲಾದ್ರೆ ಇಲ್ಲ."

ಅವನು ಕವಡೆಗಳನ್ನು ಅಂಗೈಯಲ್ಲಿ ಕುಲುಕಿ ಮೇಜಿನ ಮೇಲೆ ಹಾಕಿದ. ಹಾಕಿದವನೇ ಅವುಗಳ ಮೇಲೆ ಕೈ ಮುಚ್ಚಿದ. "ಯಾರೂ ಬಾಯಿ ಬಿಡ್ಬೇಡಿ," ಅಂದ. ಒಂದರ ಬೆನ್ನು ಮುಟ್ಟಿದ. ಎರಡನೆಯದರ ಬೆನ್ನು ಮುಟ್ಟಿದ. ಮೂರನೆಯದು ಕಾಣದೆ ಚುಕ್ಕಿಗಳ ನಡುವೆ ಹುಡುಕಿದ, ಸಿಕ್ಕಿತು, ಅದೂ ಬೋರಲು. ನಾಲ್ಕನೆಯದು ಕಂಬದ ಬುಡಕ್ಕೆ ಹೋಗಿ ಬಿದ್ದಿತ್ತು. ಅದು ಹೇಗೆ ಬಿದ್ದಿದೆ ಎಂದು ನಮಗೆ ಮೂವರಿಗೂ ಕಾಣುತ್ತಿತ್ತು. ಒಂದು ಬೆರಳು ತಾಗಿಸಿ ಮಗುಚಿದ್ದರೆ ಮುಗಿಯುತ್ತಿತ್ತು. ನಾನು ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ. ಅವನು ಅದನ್ನು ಹುಡುಕಿದ, ಮುಟ್ಟಿದ, ಇನ್ನೊಂದು ಸಲ ಮುಟ್ಟಿದ.

"ಸತ್ತೆನಾ?" ಅಂದ.

"ಸತ್ತೆ," ಅಂದೆ. ಅಷ್ಟು ವರ್ಷದ ಕಳ್ಳ.

ಅವನ ಹೊಟ್ಟೆಯಿಂದ ಶುರುವಾದ ನಗು ಹೆಗಲಿಗೆ ಬಂತು, ಮೇಜು ಅಲುಗಿತು. ಕಣ್ಣಲ್ಲಿ ನೀರು ಬರುವ ತನಕ ನಕ್ಕ. "ಊರಿಗೆಲ್ಲ ಇನ್ಶೂರೆನ್ಸ್ ಮಾಡಿಸ್ತೀನಿ, ಇವನಿಗೊಂದು ಮಾಡಿಸ್ಲಿಲ್ಲ ನೋಡು," ಎಂದು ಮತ್ತೆ ನಕ್ಕ. ಮೇಷ್ಟ್ರೂ ನಕ್ಕರು. ಬ್ಯಾಂಕಿನವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಅಮ್ಮ ಜಾಲರಿ ಸೌಟು ಹಿಡಿದೇ ಹೊರಗೆ ಬಂದಳು. "ಏನಾಯ್ತೋ?"

"ಸತ್ತೋದೆ ಅಮ್ಮ."

"ಬಿಡ್ತು ಅನ್ನು." ವಿಷಯ ತಿಳಿದ ಮೇಲೆ ಅವನಿಗೆ, "ನಾನು ಬಡ್ಕೊಂಡೆ, ದೀಪ ಬಿಡಿ ಅಂತ. ಆತುರಗಾರನಿಗೆ ಬುದ್ಧಿ ಮಟ್ಟ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀನಾದ್ರೂ ಸ್ವಲ್ಪ ನೋಡ್ಕೋಬಾರ್ದಿತ್ತೇನೇ? ಪಾಪ, ಕಣ್ಣು ಕಾಣದೋನು."

ಕಳ್ಳ ಕಾಲಾಳನ್ನು ಎತ್ತಿ ಅದರ ಕೆಂಪು ದಾರವನ್ನು ನಿಧಾನವಾಗಿ ಬಿಚ್ಚಿ, ತೇಪೆ ಹಾಕಿದ ಗೋಡೆಯ ಬುಡದಲ್ಲಿ ಇಟ್ಟ.

"ಅವಳು ನೋಡ್ಕೊಳ್ಲಿಲ್ಲ ಅಮ್ಮ," ಅಂದ. "ಅದಕ್ಕೇ ನಾನು ಮುಂದಿನ ವಾರಾನೂ ಬರೋದು. ಈಗ ತಿಥಿಗೆ ಏನು ಕರಿದಿದೀರ, ಕೊಡಿ."

ಅಮ್ಮ ಅವನ ಎರಡೂ ಅಂಗೈ ತುಂಬ ಬಿಸಿ ಕೋಡುಬಳೆ ಹಾಕಿದಳು.